ಕಿವಿಗೊಡುವ ಕಾಯಕ

ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ದೂರವಾಣಿಯಲ್ಲಿ ಕೇಳಿದಾಗ ನಾನು ಸ್ವಲ್ಪ ಹಿಂಜರಿದೆ. “ನಿಮ್ಮ ವೃತ್ತಿಯ ಬಗ್ಗೆಯೇ ಬರೆಯಿರಿ ಮೇಡಂ, ಗಂಡ ಹೆಂಡಿರ ಜಗಳ ಎಂದರೆ ಎಲ್ಲರೂ ಓದುತ್ತಾರೆ” ಎಂದು ಅವರು ನಕ್ಕರು. ನಗುವಿನ ಮಾತೇನೋ ಸರಿ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಕೇಳಿದ್ದನ್ನು ಸಮ್ಮೇಳನದ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದು ನನ್ನ ಕಸುಬಿನ ಧರ್ಮಕ್ಕೆ ಒಪ್ಪುವಂಥದ್ದಲ್ಲ. ಆದ್ದರಿಂದ ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ. ಇಲ್ಲಿ ಬರುವವರ ಊರು, ಉದ್ಯೋಗ, ವಯಸ್ಸುಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಒಬ್ಬರ ಮಾತನ್ನು ಮಾತ್ರ, ಅವರ ಒಪ್ಪಿಗೆ ಪಡೆದು, ಇದ್ದದ್ದು ಇದ್ದ ಹಾಗೆಯೇ ಬರೆದಿದ್ದೇನೆ.

ಕನ್ನಡದಲ್ಲಿ ಈ ಕೆಲಸಕ್ಕೆ ಆಪ್ತಸಮಾಲೋಚನೆ ಎಂಬ ಹೆಸರಿದೆ. ಈ ಪದವನ್ನು ಟಂಕಿಸಿದ ಪುಣ್ಯಾತ್ಮರು ಯಾರೋ, ಅವರಿಗೆ ನನ್ನ ನಮಸ್ಕಾರ. ಕೌನ್ಸೆಲಿಂಗ್ ಎಂಬ ಇಂಗ್ಲಿಷ್ ಪದದಲ್ಲಿ ಇಲ್ಲದ ‘ಆಪ್ತ’ ಎಂಬುದನ್ನು ಅವರು ಮುಂದೆ ತಂದು ನಿಲ್ಲಿಸಿದ್ದಾರೆ. ಕೆಲವರು ಇದನ್ನೇ ‘ಆಪ್ತಸಲಹೆ’ ಎನ್ನುವುದುಂಟು. ಬರುವವರೆಲ್ಲರೂ ಬಯಸುವುದು ಸಲಹೆಯನ್ನೇ. ಸಲಹೆಗೂ ಸಮಾಲೋಚನೆಗೂ ಇರುವ ಅಂತರವನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಅದನ್ನು ನಿಜವಾಗಿ ಕಲಿತದ್ದು ಮಾತ್ರ ಕುವೈತಿಗೆ ಬಂದ ಮೇಲೆ, ಅದೂ ಒಂದು ತಪ್ಪು ಮಾಡಿ.

ಸಾಲ್ಮಿಯಾದ ಒಂದು ಚಿಕಿತ್ಸಾಲಯದ ಮೇಲಿನ ಅಂತಸ್ತಿನಲ್ಲಿ ನನ್ನದೊಂದು ಪುಟ್ಟ ಕೋಣೆ. ಮೂರು ಕುರ್ಚಿ, ಒಂದು ಫ್ಲಾಸ್ಕ್, ಒಂದು ಟಿಶ್ಯೂ ಡಬ್ಬಿ, ಗೋಡೆಗೆ ಒರಗಿಸಿದ ಒಂದು ಪುಸ್ತಕದ ಕಪಾಟು. ಕಪಾಟಿನಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಇಟ್ಟಿರುತ್ತೇನೆ. ಮನೋವೈದ್ಯವನ್ನು ಕನ್ನಡಿಗರ ಜಗುಲಿಯವರೆಗೆ ತಂದ ಅವರಿಗೆ 2024ರಲ್ಲಿ ಪದ್ಮಶ್ರೀ ಬಂದಾಗ ನನ್ನ ಮನೆಯವರಿಗೇ ಬಂದಷ್ಟು ಸಂತೋಷವಾಯಿತು. ಓದಲೆಂದು ಒಯ್ದವರು ಆ ಪುಸ್ತಕಗಳನ್ನು ಹಿಂದಿರುಗಿಸುವುದಿಲ್ಲ. ಪ್ರತಿ ಸಲ ಊರಿಗೆ ಹೋದಾಗ ಮತ್ತೆ ಕೊಂಡು ತರುತ್ತೇನೆ. ಪಕ್ಕದಲ್ಲೇ ಡಾ. ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’ ಇದೆ. ಅದು ನನ್ನ ತಾಯಿಯ ಪ್ರತಿ. ಅದನ್ನು ಯಾರಿಗೂ ಕೊಡುವುದಿಲ್ಲ.

ಬಾಗಿಲು ತಟ್ಟಿ ಬಂದವರು ಮೊದಲ ದಿನ ಮನಸ್ಸಿನ ಮಾತೆತ್ತುವುದು ಅಪರೂಪ. ಗ್ಯಾಸ್ಟ್ರಿಕ್ ಎನ್ನುತ್ತಾರೆ, ಬೆನ್ನುನೋವು ಎನ್ನುತ್ತಾರೆ, ರಕ್ತದೊತ್ತಡ ಎನ್ನುತ್ತಾರೆ. ಎರಡನೆಯ ಲೋಟ ಚಹಾ ಮುಗಿಯುವ ಹೊತ್ತಿಗೆ ಅವರವರ ಊರಿನ ಮಾತು ಹೊರಬರುತ್ತದೆ. ಉಡುಪಿ, ಮಂಗಳೂರಿನ ಕಡೆಯವರು “ಒಂದು ತಲೆಬಿಸಿ ಉಂಟು” ಎನ್ನುತ್ತಾರೆ. ಹಳೆಯ ಮೈಸೂರಿನವರಿಗೆ ‘ಬೇಜಾರು’ ಎಂಬ ಒಂದೇ ಪದದಲ್ಲಿ ದುಃಖ, ಆಯಾಸ, ಸಿಟ್ಟು ಎಲ್ಲವೂ ಅಡಗುತ್ತವೆ. ಅಹಮದಿ ಕಡೆಯ ಒಂದು ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಉತ್ತರ ಕರ್ನಾಟಕದ ಒಬ್ಬ ತರುಣ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದು, “ಅಕ್ಕಾರ, ಜೀವಕ್ಕ ಸಮಾಧಾನ ಇಲ್ರಿ” ಎಂದಿದ್ದ. ರೋಗಲಕ್ಷಣಗಳ ಪಟ್ಟಿಯನ್ನು ಅವನ ಮುಂದೆ ಹಿಡಿದಿದ್ದರೆ ನನಗೆ ಅದಕ್ಕಿಂತ ಹೆಚ್ಚೇನೂ ತಿಳಿಯುತ್ತಿರಲಿಲ್ಲ.

ಆ ‘ಅಕ್ಕಾರ’ ಎಂಬ ಸಂಬೋಧನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಮೆರಿಕದ ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞರ ಹೆಸರನ್ನು ನಮ್ಮ ಕ್ಷೇತ್ರದವರೆಲ್ಲರೂ ಗುರುಸ್ಥಾನದಲ್ಲಿಟ್ಟು ನೆನೆಯುತ್ತಾರೆ. ಎದುರಿಗಿರುವವನನ್ನು ಯಾವ ಷರತ್ತೂ ಇಲ್ಲದೆ ಗೌರವಿಸುವುದು, ಅವನ ಅನುಭವವನ್ನು ಅವನ ಒಳಗಿನಿಂದಲೇ ಅರಿಯುವುದು, ತಾನು ಮುಖವಾಡವಿಲ್ಲದೆ ಪ್ರಾಮಾಣಿಕವಾಗಿರುವುದು. ಮನುಷ್ಯ ಬದಲಾಗಲು ಬೇಕಾದ ವಾತಾವರಣವನ್ನು ಇವು ನಿರ್ಮಿಸುತ್ತವೆಂದು ಅವರು 1957ರಲ್ಲಿ ಪ್ರತಿಪಾದಿಸಿದರು. ದಾರಿ ತೋರಿಸುವುದು ಚಿಕಿತ್ಸಕನ ಕೆಲಸವಲ್ಲ, ದಾರಿ ಆ ವ್ಯಕ್ತಿಯೊಳಗೇ ಇದೆ ಎಂಬುದು ಅವರ ನಂಬಿಕೆ. ಮಾತು ಸುಂದರವಾಗಿದೆ. ಆದರೆ ಹಾವೇರಿಯಿಂದಲೋ ಕುಂದಾಪುರದಿಂದಲೋ ಬಂದವರು “ನೀವೇ ಹೇಳಿ ಅಕ್ಕಾ, ನಾನೇನು ಮಾಡಲಿ?” ಎಂದು ಕೇಳಿದಾಗ “ನಿಮಗೇನು ಅನ್ನಿಸುತ್ತದೆ?” ಎಂದು ತಿರುಗಿ ಕೇಳಿದರೆ ಅವರು ನಮ್ಮನ್ನು ಏನೂ ತಿಳಿಯದವರೆಂದು ಭಾವಿಸುತ್ತಾರೆ!

ಈ ತೊಡಕನ್ನು ಬಹಳ ಹಿಂದೆಯೇ ಗುರುತಿಸಿದವರು ಬೆಂಗಳೂರಿನವರೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಇಂದಿನ ನಿಮ್ಹಾನ್ಸ್ 1974ರಲ್ಲಿ ರೂಪುಗೊಳ್ಳುವ ಮೊದಲು ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇತ್ತು. ಅಲ್ಲಿದ್ದ ಡಾ. ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಂ ಅವರು 1964ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಲೇಖನ ಇಂದಿಗೂ ನನ್ನ ಮೇಜಿನ ಮೇಲಿದೆ. ಭಾರತೀಯ ರೋಗಿ ಅಂತರಂಗದ ವಿಶ್ಲೇಷಣೆಗಿಂತ ಕಣ್ಣೆದುರಿನ ಆಸರೆಯನ್ನು ಹೆಚ್ಚು ಬಯಸುತ್ತಾನೆ, ಚಿಕಿತ್ಸಕನ ಜೊತೆ ನೇರವಾಗಿ ಸಂಬಂಧ ಕಟ್ಟಿಕೊಳ್ಳುತ್ತಾನೆ, ಅವನ ಮನಸ್ಸಿನಲ್ಲಿ ಆಸರೆ ಎಂದರೆ ಅವಿಭಕ್ತ ಕುಟುಂಬದ ಹಿರಿಯನ ಚಿತ್ರವೇ ಎಂಬುದು ಅದರ ಸಾರಾಂಶ. ನಮ್ಮನ್ನು ಅಕ್ಕ, ಅಮ್ಮ, ಅಣ್ಣ ಎಂದು ಕರೆಯುವವರು ಆ ಕ್ಷಣದಲ್ಲೇ ನಮ್ಮನ್ನು ಮನೆಯ ಹಿರಿಯರ ಮಣೆಯ ಮೇಲೆ ಕೂರಿಸಿಬಿಟ್ಟಿರುತ್ತಾರೆ. ಆ ಮಣೆ ಬೇಡವೆನ್ನುವುದು ನಿರ್ದಯೆ. ಆದರೆ ಅದರ ಮೇಲೆ ಕುಳಿತಾಗ ನಾಲಿಗೆ ತಾನಾಗಿಯೇ ಹಿರಿಯರಂತೆ ಉಪದೇಶಿಸತೊಡಗುತ್ತದೆ.

ನನ್ನ ತಪ್ಪು ಅದೇ. ನಾನು ಕುವೈತಿಗೆ ಬಂದು ಎರಡನೆಯ ವರ್ಷ. ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದಿದ್ದರು. ಗಂಡ ಹೊಡೆಯುವವರಲ್ಲ, ಕುಡಿಯುವವರಲ್ಲ. ಮಾತನಾಡುವವರೂ ಅಲ್ಲ. ಮನೆಯ ಖರ್ಚಿಗೆ ಎಣಿಸಿಕೊಟ್ಟ ದಿನಾರಿಗೆ ಚೀಟಿ ತೋರಿಸಬೇಕು. ಊರಿಗೆ ತಾಯಿಯೊಡನೆ ಮಾತನಾಡಿದ ನಿಮಿಷಗಳಿಗೂ ಲೆಕ್ಕ. ಆಕೆಯ ವಾಸದ ಪರವಾನಗಿ ಗಂಡನ ಹೆಸರಿನ ಮೇಲೆಯೇ ನಿಂತಿತ್ತು. ಇಲ್ಲಿ ‘ಇಪ್ಪತ್ತೆರಡರ ವೀಸಾ’ ಎಂದರೆ ನಮ್ಮವರಿಗೆಲ್ಲ ಗೊತ್ತು. ಗಂಡನನ್ನು ಬಿಡುವುದೆಂದರೆ ದೇಶವನ್ನೂ ಬಿಡುವುದು, ಬಹುಪಾಲು ಮಕ್ಕಳ ಶಾಲೆಯನ್ನೂ ಬಿಡಿಸುವುದು. ಇದೆಲ್ಲ ನನಗೆ ತಿಳಿದಿತ್ತು. ತಿಳಿದಿದ್ದರಿಂದಲೇ ನಾನು ಭಯಪಟ್ಟೆ ಎಂದು ಈಗ ಅನ್ನಿಸುತ್ತದೆ. ಆಕೆ ಹೇಳುತ್ತಿದ್ದುದನ್ನು ಪೂರ್ತಿ ಕೇಳದೆ, ಬಹಳ ಮೃದುವಾದ ಧ್ವನಿಯಲ್ಲಿ, “ಮಕ್ಕಳ ಪರೀಕ್ಷೆ ಮುಗಿಯುವವರೆಗಾದರೂ ಸ್ವಲ್ಪ ಹೊಂದಿಕೊಂಡು ನೋಡಿ” ಎಂದೆ.

ಆಕೆ ಎದ್ದರು. ಕೈಚೀಲದ ಜಿಪ್ ಎಳೆದುಕೊಂಡು, ಸಿಟ್ಟಿಲ್ಲದೆ, “ನಮ್ಮ ಅಮ್ಮನೂ ಇದನ್ನೇ ಹೇಳಿದರು ಮೇಡಂ. ಅವರು ದುಡ್ಡು ತೆಗೆದುಕೊಳ್ಳಲಿಲ್ಲ” ಎಂದರು. ಮತ್ತೆ ಬರಲಿಲ್ಲ.

ಆ ಮಾತು ನನ್ನನ್ನು ಅನೇಕ ರಾತ್ರಿ ಎಚ್ಚರವಾಗಿಟ್ಟಿದೆ. ಆಕೆಗೆ ಅಂದು ಏನು ಬೇಕಾಗಿತ್ತು? ಬಿಟ್ಟುಬಿಡಿ ಎಂದು ನಾನು ಹೇಳಬೇಕೆಂದು ಆಕೆ ನಿರೀಕ್ಷಿಸಿರಲಿಲ್ಲ. ಹೊಂದಿಕೊಳ್ಳಿ ಎಂಬುದು ಆಕೆಗೆ ಹೊಸದಾಗಿರಲಿಲ್ಲ. ಆಕೆ ಹತ್ತು ವರ್ಷದಿಂದ ಅದನ್ನೇ ಮಾಡುತ್ತ ಬಂದಿದ್ದರು. ಹಾಗೆ ಹೊಂದಿಕೊಂಡದ್ದಕ್ಕೆ ತೆತ್ತ ಬೆಲೆ ಎಷ್ಟೆಂದು ಯಾರಾದರೂ ಒಬ್ಬರು ಕೇಳಿ ತಿಳಿಯಲಿ ಎಂದು ಬಂದಿದ್ದರು. ನಾನು ಲೆಕ್ಕ ಕೇಳುವ ಮೊದಲೇ ಪುಸ್ತಕ ಮುಚ್ಚಿದೆ. ನನ್ನ ಧ್ವನಿಯ ಮೃದುತ್ವವನ್ನೇ ನಾನು ಕರುಣೆ ಎಂದು ತಪ್ಪು ತಿಳಿದಿದ್ದೆ. ಅದರೊಳಗೆ ಇದ್ದದ್ದು ನನ್ನದೇ ಅವಸರ.

ಒಬ್ಬರೇ ಬಂದಾಗಿನ ಕಷ್ಟ ಇದಾದರೆ ಇಬ್ಬರೂ ಬಂದಾಗಿನದು ಬೇರೆ ಬಗೆಯದು. ಗಂಡ ಹೆಂಡತಿ ಇಬ್ಬರೂ ನ್ಯಾಯಾಧೀಶರನ್ನು ಹುಡುಕಿಕೊಂಡು ಬಂದಿರುತ್ತಾರೆ. ಊರಿನಲ್ಲಾದರೆ ಸೋದರಮಾವ ಇರುತ್ತಿದ್ದರು, ದೊಡ್ಡಪ್ಪ ಇರುತ್ತಿದ್ದರು, ಪಡಸಾಲೆಯಲ್ಲಿ ಚಾಪೆ ಹಾಸಿ ಪಂಚಾಯಿತಿ ನಡೆಯುತ್ತಿತ್ತು. ಅದು ಯಾವಾಗಲೂ ನ್ಯಾಯವಾಗಿರುತ್ತಿತ್ತು ಎಂದು ನಾನು ಹೇಳಲಾರೆ. ಹೆಚ್ಚಿನ ಸಲ ಹೆಣ್ಣಿನ ಪಾಲಿಗೆ ಅಲ್ಲ. ಆದರೂ ಜಗಳವನ್ನು ಹೊರಲು ಎಂಟು ಹೆಗಲುಗಳಿದ್ದವು. ಇಲ್ಲಿ ಎರಡು ಕೋಣೆಯ ಫ್ಲಾಟಿನಲ್ಲಿ ಕಿಟಕಿ ಮುಚ್ಚಿ, ಪಕ್ಕದ ಮನೆಗೆ ಕೇಳದಂತೆ ಹವಾನಿಯಂತ್ರಕದ ಸದ್ದಿನ ಮರೆಯಲ್ಲಿ ಜಗಳವಾಡಬೇಕು. ಹೊರಗೆ ಹೋಗಿ ನಾಲ್ಕು ಹೆಜ್ಜೆ ನಡೆದು ಸಿಟ್ಟು ಇಳಿಸಿಕೊಳ್ಳೋಣವೆಂದರೆ ಜುಲೈ ತಿಂಗಳ ಬಿಸಿಲು! 2016ರ ಜುಲೈ 21ರಂದು ಇಲ್ಲಿಯ ಮಿತ್ರಿಬಾದಲ್ಲಿ ಉಷ್ಣಾಂಶ 54 ಡಿಗ್ರಿಯ ಅಂಚಿಗೆ ಹೋಗಿತ್ತು. ಅಂಥ ಮಧ್ಯಾಹ್ನ ಇಬ್ಬರು ಮುನಿಸಿಕೊಂಡವರು ಒಂದೇ ಕೋಣೆಯಲ್ಲಿ ಇರಬೇಕಾದುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಒಂದು ಜೋಡಿಯ ಕಥೆ ಹೇಳುತ್ತೇನೆ. ಹೆಂಡತಿ ಆಸ್ಪತ್ರೆಯಲ್ಲಿ ದಾದಿ. ಗಂಡ ಆಕೆಯ ನಂತರ ಇಲ್ಲಿಗೆ ಬಂದವರು. ಊರಿನಲ್ಲಿ ಬ್ಯಾಂಕಿನಲ್ಲಿದ್ದವರು ಇಲ್ಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದರು. ಜಗಳ ಯಾವುದಕ್ಕೆ? ಏಸಿ ಆರಿಸುವುದಕ್ಕೆ. ಆಕೆ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬರುವ ಹೊತ್ತಿಗೆ ಮಲಗುವ ಕೋಣೆಯ ಏಸಿ ಆರಿಸಿ ಅವರು ಕೆಲಸಕ್ಕೆ ಹೋಗಿರುತ್ತಾರೆ. ಕಾದ ಕೋಣೆಗೆ ಬಂದು ಬೀಳುವಾಗ ಆಕೆಗೆ “ನನಗಾಗಿ ಕಾಯುವ ಜೀವವೇ ಈ ಮನೆಯಲ್ಲಿ ಇಲ್ಲ” ಎನ್ನಿಸುತ್ತದೆ. ಆತನಿಗೋ, ಪ್ರತಿ ರಾತ್ರಿ ಇಸ್ತ್ರಿ ಮಾಡಿ ನೇತುಹಾಕುವ ಆಕೆಯ ಸಮವಸ್ತ್ರವನ್ನು ಆಕೆ ಒಂದು ದಿನವೂ ಗಮನಿಸಿಲ್ಲ ಎಂಬ ಕೊರಗು. ನಾಲ್ಕು ವಾರ ಇಬ್ಬರೂ ನನ್ನ ಮುಖ ನೋಡಿಯೇ ಮಾತನಾಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಐದನೆಯ ವಾರ ಆಕೆ ಕನ್ನಡದಲ್ಲಿ ಮಾತು ಆರಂಭಿಸಿ, ಗಂಟಲು ಕಟ್ಟಿ, ತನಗೆ ಅರಿವಿಲ್ಲದೆಯೇ ತುಳುವಿಗೆ ಹೊರಳಿದರು. ಐದಾರು ನಿಮಿಷ ಒಂದೇ ಸಮನೆ ಅತ್ತುಕೊಂಡು ಮಾತನಾಡಿದರು. ಘಟ್ಟದ ಮೇಲಿನವಳಾದ ನನಗೆ ತುಳು ಬರುವುದಿಲ್ಲ. ಮುಗಿದ ಮೇಲೆ ಗಂಡನ ಕಡೆ ತಿರುಗಿ, “ದಯವಿಟ್ಟು ಇವರು ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತೀರಾ?” ಎಂದು ಕೇಳಿದೆ. ಅದರಲ್ಲಿ ಯಾವ ಜಾಣತನವೂ ಇರಲಿಲ್ಲ, ನಿಜವಾಗಿಯೂ ನನಗೆ ಅರ್ಥವಾಗಿರಲಿಲ್ಲ. ಅವರು ಮೊದಲು, “ಅವಳು ಹೇಳುವುದು, ನಾನು…” ಎಂದು ತಮ್ಮ ಪರವಾಗಿ ವಾದಿಸಲು ಹೊರಟರು. “ಮೊದಲು ಅವರು ಹೇಳಿದ್ದಷ್ಟೇ” ಎಂದೆ. ಆಗ ನಿಧಾನವಾಗಿ ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಂದರು. ವಾರ್ಡಿನಲ್ಲಿ ಆ ರಾತ್ರಿ ಒಬ್ಬ ಮುದುಕಿ ತೀರಿಕೊಂಡದ್ದು, ಮನೆಗೆ ಬಂದು ಹೇಳಲು ಯಾರೂ ಇಲ್ಲದ್ದು, ಹೇಳಿದರೆ ಇವರಿಗೆ ತನ್ನ ನೌಕರಿಯ ಮಾತೇ ಚುಚ್ಚುತ್ತದೆಯೇನೋ ಎಂದು ತಾನು ಬಾಯಿ ಮುಚ್ಚಿಕೊಂಡದ್ದು. ಆ ಕೊನೆಯ ವಾಕ್ಯವನ್ನು ಹೇಳುವಾಗ ಅನುವಾದಕರ ಧ್ವನಿಯೇ ಒಡೆಯಿತು. ಅವರು ಹೆಂಡತಿಯ ಕಡೆ ತಿರುಗಿ ತುಳುವಿನಲ್ಲಿ ಏನನ್ನೋ ಕೇಳಿದರು. ಅದಕ್ಕೆ ನಾನು ಅನುವಾದ ಬೇಡಲಿಲ್ಲ. ಕಿಟಕಿಯ ಬಳಿ ಹೋಗಿ ನಿಂತೆ.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಹೇಳಿ, ಸರಿಯೇ ಎಂದು ಕೇಳಿ, ಆಮೇಲೆ ಉತ್ತರ ಕೊಡಬೇಕೆಂಬ ಕ್ರಮ ನಮ್ಮ ಪಠ್ಯಗಳಲ್ಲಿ ಇದ್ದೇ ಇದೆ. ಸಿಟ್ಟಿನ ತಳದಲ್ಲಿ ಇರುವುದು ಹೆಚ್ಚಾಗಿ ಸಂಗಾತಿಯನ್ನು ಕಳೆದುಕೊಳ್ಳುವ ಭಯ ಎಂಬುದನ್ನು 1980ರ ದಶಕದಿಂದ ಕೆನಡಾದ ಸೂ ಜಾನ್ಸನ್ ಅವರು ದಂಪತಿಗಳ ಚಿಕಿತ್ಸೆಯ ಬುನಾದಿಯನ್ನಾಗಿಯೇ ಮಾಡಿದರು. ನಾನು ಅದನ್ನು ಓದಿದ್ದೆ, ಅಷ್ಟೆ. ಒಬ್ಬ ಗಂಡ ತನ್ನ ಹೆಂಡತಿಗೆ ದುಭಾಷಿಯಾದ ಮೇಲೆ ಅದು ನನ್ನ ಕೈಗೆ ಬಂತು. ಈಗ ಮನೆಯಲ್ಲಿ ಕೊಂಕಣಿ, ಬ್ಯಾರಿ, ಉರ್ದು, ತುಳು ಮಾತನಾಡುವ ದಂಪತಿಗಳಿಗೆ ನಾನೇ ಹೇಳುತ್ತೇನೆ: ಜಗಳ ನಿಮ್ಮ ಭಾಷೆಯಲ್ಲೇ ಆಗಲಿ, ನನಗೆ ಕನ್ನಡದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಹೇಳಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೊಡೆತ ಬಡಿತ ಇರುವ ಮನೆಯ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಸಮಾಧಾನ ಹೇಳುವುದು ಕರುಣೆಯಲ್ಲ, ಅಪಾಯ. ಕೋಣೆಯಲ್ಲಿ ಹೆಂಡತಿ ಆಡಿದ ನಿಜಕ್ಕೆ ಆಕೆ ಮನೆಯಲ್ಲಿ ದಂಡ ತೆರಬೇಕಾಗುತ್ತದೆ. ಅಂಥಲ್ಲಿ ನಾನು ಯಾರ ಪಕ್ಷವೂ ಅಲ್ಲ ಎಂಬ ಸೋಗು ಹಾಕುವುದಿಲ್ಲ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ನೀಡುವ ಕಾನೂನನ್ನು ಕುವೈತ್ 2020ರಲ್ಲಿ ಮಾಡಿದೆ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ.

ಇನ್ನು ದೂರದ ದಾಂಪತ್ಯ. ಕುವೈತಿನಲ್ಲಿ ‘ಬ್ಯಾಚುಲರ್’ ಎಂಬ ಪದಕ್ಕೆ ನಿಘಂಟಿನಲ್ಲಿಲ್ಲದ ಅರ್ಥವಿದೆ. ಮೂರು ಮಕ್ಕಳ ತಂದೆಯೂ ಕುಟುಂಬ ಜೊತೆಗಿಲ್ಲದಿದ್ದರೆ ಇಲ್ಲಿ ಬ್ಯಾಚುಲರನೇ! ಹೆಂಡತಿ ಮಕ್ಕಳನ್ನು ಕರೆತರಲು ಇರಬೇಕಾದ ಕನಿಷ್ಠ ಸಂಬಳ 250 ದಿನಾರ್ ಇದ್ದದ್ದು 2016ರಲ್ಲಿ 450 ಆಯಿತು, 2019ರಲ್ಲಿ 500, 2024ರಲ್ಲಿ 800. ಪ್ರತಿ ಸಲ ಆ ಅಂಕಿ ಮೇಲೇರಿದಾಗ ಎಷ್ಟೋ ಮನೆಗಳ ಕನಸು ಒಂದು ಮೆಟ್ಟಿಲು ಕೆಳಗೆ ಉಳಿಯಿತು. ಹೀಗೆ ಉಳಿದ ಒಬ್ಬರು ನನ್ನೆದುರು ಕುಳಿತು ತಮ್ಮ ಹದಿನೆಂಟು ವರ್ಷದ ದಾಂಪತ್ಯದ ರಜೆಗಳನ್ನು ಬೆರಳು ಮಡಿಸಿ ಕೂಡಿದರು. ಒಟ್ಟು ಇಪ್ಪತ್ತಾರು ತಿಂಗಳು. “ಮದುವೆಯಾಗಿ ಎರಡು ವರ್ಷ ಎರಡು ತಿಂಗಳಾಯಿತು ನೋಡಿ ಮೇಡಂ” ಎಂದು ನಗಲು ಪ್ರಯತ್ನಿಸಿದರು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬಂದ ಹಿರಿಯರು ಪತ್ರ ಬರೆಯುತ್ತಿದ್ದರು, ಕ್ಯಾಸೆಟ್ಟಿನಲ್ಲಿ ಧ್ವನಿ ಮುದ್ರಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಈಗ ದಿನಕ್ಕೆ ನಾಲ್ಕು ಸಲ ಮುಖ ಕಾಣುತ್ತದೆ. ಮುಖ ಕಂಡಷ್ಟೂ “ಎಲ್ಲಿದ್ದೀ, ಹಿಂದೆ ಯಾರು, ಫೋನು ಯಾಕೆ ಎತ್ತಲಿಲ್ಲ” ಎಂಬ ವಿಚಾರಣೆ ಹೆಚ್ಚುತ್ತದೆ. ನಾನು ಇಂಥ ದಂಪತಿಗಳಿಗೆ ವಾರಕ್ಕೊಮ್ಮೆ ಒಂದು ಪುಟ ಕೈಬರಹದಲ್ಲಿ ಬರೆದು ಅದರ ಚಿತ್ರ ತೆಗೆದು ಕಳಿಸಲು ಹೇಳುವುದುಂಟು. ಕೆಲವರು ನಕ್ಕು ಬಿಟ್ಟಿದ್ದಾರೆ. ಬರೆದವರು ಬಿಟ್ಟಿಲ್ಲ.

ದುಃಖವೆಲ್ಲ ದಾಂಪತ್ಯದ್ದೇ ಅಲ್ಲ. 2020ರ ಮೇ ತಿಂಗಳಲ್ಲಿ ಕೊರೊನಾದಿಂದ ಕುವೈತ್ ಪೂರ್ತಿ ಮುಚ್ಚಿದಾಗ ಒಬ್ಬ ಗೃಹಿಣಿ ಗುಟ್ಟಾಗಿ ಫೋನು ಮಾಡಿ, “ನಮ್ಮ ಮನೆಯವರು ಒಂಬತ್ತು ಚೀಲ ಅಕ್ಕಿ ತಂದು ಮಂಚದ ಕೆಳಗೆ ಇಟ್ಟಿದ್ದಾರೆ, ಮುಟ್ಟಿದರೆ ರೇಗುತ್ತಾರೆ” ಎಂದರು. ಫೋನಿನಲ್ಲೇ ಮೂರು ವಾರ ಆ ಹಿರಿಯರೊಡನೆ ಮಾತನಾಡಿದೆ. ಕೊನೆಗೊಮ್ಮೆ 1990ರ ಆಗಸ್ಟ್ 2 ಹೊರಗೆ ಬಂತು. ಇರಾಕಿನ ಸೈನ್ಯ ನುಗ್ಗಿದಾಗ ಅವರು ಇಲ್ಲೇ ಇದ್ದರು, ಇಪ್ಪತ್ತಾರು ವರ್ಷ. ರೊಟ್ಟಿಗೆ ಸಾಲು ನಿಂತದ್ದು, ಬಾಗ್ದಾದಿನ ಮೂಲಕ ಅಮ್ಮಾನ್ ಸೇರಿದ್ದು, ಮರುಭೂಮಿಯ ಡೇರೆಯಲ್ಲಿ ನೀರಿಗಾಗಿ ಕಾದದ್ದು. ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಹಾರಾಟ ನಡೆಸಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮನೆಗೆ ತಲುಪಿಸಿದ ಆ ಸಾಹಸವನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮನೆಗೆ ತಲುಪಿದ ಮೇಲೆ ಅವರಲ್ಲಿ ಒಬ್ಬನನ್ನು “ನಿನಗೆ ಏನಾಗಿತ್ತಪ್ಪಾ?” ಎಂದು ಮೂವತ್ತು ವರ್ಷ ಯಾರೂ ಕೇಳಿರಲಿಲ್ಲ. ಅಕ್ಕಿಯ ಚೀಲಗಳನ್ನು ತೆಗೆಯಿಸಬೇಡಿ ಎಂದು ಅವರ ಪತ್ನಿಗೆ ಹೇಳಿದೆ. ತಿಂಗಳುಗಳ ನಂತರ ಅವರೇ ಒಂದೊಂದಾಗಿ ಬಳಸಿ ಮುಗಿಸಿದರಂತೆ.

2024ರ ಜೂನ್ 12ರ ನಸುಕಿನಲ್ಲಿ ಮಂಗಾಫ್‌ನ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು ನಮ್ಮ ದೇಶದ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಲಬುರಗಿ ಜಿಲ್ಲೆಯವರೊಬ್ಬರೂ ಅವರಲ್ಲಿದ್ದರು. ಅದಾದ ಕೆಲವು ವಾರ ಬೇರೆ ಬೇರೆ ಕಟ್ಟಡಗಳ ಹುಡುಗರ ಜೊತೆ ಕುಳಿತಿದ್ದೆ. ಒಬ್ಬ ಬೂಟು ಹಾಕಿಕೊಂಡೇ ಮಲಗುತ್ತಿದ್ದ. ನನ್ನ ವಿದ್ಯೆಯೆಲ್ಲ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಅವನ ಕೋಣೆಯಿಂದ ಮೆಟ್ಟಿಲಿನವರೆಗೆ ಅವನ ಜೊತೆ ಎರಡು ಸಲ ನಡೆದು ಹೆಜ್ಜೆ ಎಣಿಸಿದೆ. ಹತ್ತೊಂಬತ್ತು ಹೆಜ್ಜೆ. ಆ ಸಂಖ್ಯೆ ತಿಳಿದ ಮೇಲೆ ಬೂಟು ಬಿಚ್ಚಿ ಮಲಗಿದ.

ಕೊನೆಯದಾಗಿ ಒಂದು ಕ್ಷಮಾಪಣೆ. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ನಾನು ಯಾರನ್ನೂ ಮೊದಲಾಗಿ ಮಾತನಾಡಿಸುವುದಿಲ್ಲ ಎಂಬ ದೂರು ಇದೆ. ಜಂಬ ಎಂದುಕೊಂಡವರೂ ಉಂಟು. ನಮ್ಮದು ಸಣ್ಣ ಸಮಾಜ. ನಾನು ನಕ್ಕು ಮಾತನಾಡಿಸಿದರೆ ಪಕ್ಕದಲ್ಲಿರುವವರು “ಇವರಿಗೆ ಅವರ ಪರಿಚಯ ಹೇಗೆ?” ಎಂದು ಯೋಚಿಸುತ್ತಾರೆ. ನನ್ನ ಕೋಣೆಗೆ ಬಂದವರು ತಾವಾಗಿ ಗುರುತಿಸಿದರೆ ಮಾತ್ರ ನಾನು ಗುರುತಿಸುತ್ತೇನೆ.

ಆ ಹೆಣ್ಣುಮಗಳನ್ನು, ಅದೇ ‘ಅಮ್ಮ ದುಡ್ಡು ತೆಗೆದುಕೊಳ್ಳಲಿಲ್ಲ’ ಎಂದವರನ್ನು, ನಾನು ವರ್ಷಕ್ಕೊಮ್ಮೆಯಾದರೂ ಸಭಾಂಗಣದಲ್ಲಿ ಕಾಣುತ್ತಿದ್ದೆ. ಅವರು ಮುಖ ತಿರುಗಿಸುತ್ತಿದ್ದರು, ನಾನೂ ಸುಮ್ಮನಿರುತ್ತಿದ್ದೆ. ಕಳೆದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಅವರು ನನ್ನ ಮುಂದೆಯೇ ಇದ್ದರು. ತಿರುಗಿ ನೋಡಿ, “ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಿ ಮೇಡಂ, ಆಮೇಲೆ ಮುಗಿದುಹೋಗುತ್ತದೆ” ಎಂದರು. ತಮ್ಮ ನಂಬರನ್ನೂ ಅವರೇ ಕೊಟ್ಟರು. ಈ ಲೇಖನಕ್ಕೆ ಕುಳಿತಾಗ ಧೈರ್ಯ ಮಾಡಿ ಫೋನು ಮಾಡಿದೆ. ಅಂದಿನ ದಿನದ ಬಗ್ಗೆ ಬರೆಯಬಹುದೇ ಎಂದು ಕೇಳಿದೆ. ಈಗ ಜೀವನ ಹೇಗಿದೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆಯಿರಿ” ಎಂದರು. “ಆದರೆ ದುಡ್ಡಿನ ಮಾತು ಹೇಳಿದೆನಲ್ಲ, ಅದನ್ನು ಮಾತ್ರ ಬಿಡಬೇಡಿ.”